ಗಾಯವಿಲ್ಲದ ಮೊಣಕೈ

ಕತ್ತರಿ ಎಂಬುದು ಬಲಗೈಯವರು ಬಲಗೈಯವರಿಗಾಗಿ ಮಾಡಿಕೊಂಡ ಸಾಮಾನು. ಈ ಸಂಗತಿ ಬಲಗೈಯವರಿಗೆ ಮಾತ್ರ ಗೊತ್ತಿರುವುದಿಲ್ಲ. ಅವರ ಲೆಕ್ಕದಲ್ಲಿ ಕತ್ತರಿ ಎಲ್ಲರಿಗೂ ಒಂದೇ. ಕತ್ತರಿಸಲು ಬಾರದವರು ಬೇರೆ.

ಎಡಚಿಯ ಅಮ್ಮ ಹೊಲಿಗೆ ಕೆಲಸದವಳು. ಮಗಳಿಗೂ ಆ ವಿದ್ಯೆ ದಾಟಿಸಬೇಕೆಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಎಡಗೈಗೆ ಬಂದ ಕತ್ತರಿ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿತ್ತು. ಬಲಗೈಗೆ ಕೊಟ್ಟರೆ ಸೀಮೆಸುಣ್ಣದ ಗೆರೆ ಒಂದು ದಾರಿ, ಕತ್ತರಿ ಇನ್ನೊಂದು ದಾರಿ. ಪಕ್ಕದ ಮನೆಯ ಮೇಷ್ಟರ ಹೊಸ ಅಂಗಿಗೆ ಒಂದು ತೋಳು ಉದ್ದ, ಒಂದು ತೋಳು ಮೋಟಾದ ದಿನ ಅಮ್ಮ ಕತ್ತರಿಯನ್ನು ಕಿತ್ತುಕೊಂಡು ಎತ್ತರದ ಗೂಡಿನಲ್ಲಿಟ್ಟಳು.

"ನಿನ್ನ ಕೈಗೆ ಬಟ್ಟೆ ಕೊಡೋದೂ ಒಂದೇ, ಮೇಕೆ ಬಾಯಿಗೆ ಕೊಡೋದೂ ಒಂದೇ. ಏಳು ಮೇಲೆ."

ಅವಳಿಗೆ ಬೇರೆ ಹೆಸರು ಇರಲಿಲ್ಲವೆಂದಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿತ್ತು. ಹಾಜರಿ ಮುಗಿದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಜಗಳದಲ್ಲಿ ಅವಳು ಎಡಚಿಯೇ.

ಹೊಲಿಗೆ ಯಂತ್ರದ ಮೇಜು ಕುಂಟತೊಡಗಿದ್ದು ಅದೇ ವರ್ಷ. ಅಮ್ಮ ಕಾಲಿನ ಕೆಳಗೆ ಹಳೆಯ ಬಟ್ಟೆ ಮಡಿಸಿಟ್ಟಳು, ರಟ್ಟು ಮಡಿಸಿಟ್ಟಳು. ಯಂತ್ರ ತುಳಿದಾಗಲೆಲ್ಲ ಮೇಜು ಜ್ವರ ಬಂದವರಂತೆ ನಡುಗಿತು. ಕೊನೆಗೆ ಎಡಚಿ ಮಹಡಿ ಮೇಲಿನ ಬಾಡಿಗೆಯವರಿಂದ ಗರಗಸವೊಂದನ್ನು ಎರವಲು ತಂದು, ಒಡೆದ ಕಿಟಕಿಯ ಪಟ್ಟಿಯೊಂದನ್ನು ಮೆಟ್ಟಿಲ ಅಂಚಿಗೆ ಒತ್ತಿ ಹಿಡಿದು, ಕಾಲಿಗೆ ಹೊಂದುವ ತುಂಡು ಕುಯ್ದಳು. ಗರಗಸ ಗೆರೆ ಬಿಡಲಿಲ್ಲ. ಅವಳು ನಿಲ್ಲಿಸಿ ತನ್ನ ಎಡಗೈಯನ್ನು ನೋಡಿಕೊಂಡಳು, ಗರಗಸವನ್ನು ನೋಡಿದಳು. ಗರಗಸಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಹಿಡಿದವರ ಕೈಯೇ ಅದರ ಕೈ. ಹದಿನೆಂಟು ವರ್ಷ ಎಲ್ಲ ಸಾಮಾನುಗಳ ಕೈಯಲ್ಲೂ ಬೈಸಿಕೊಂಡವಳಿಗೆ ಒಂದು ಸಾಮಾನು ಮೊದಲ ಸಲ "ಬಾ, ಕೂತ್ಕೋ" ಎಂದಂತಾಯಿತು.

"ಅಮ್ಮಾ, ನಾನು ಮರಗೆಲಸ ಕಲೀತೀನಿ."

ಅಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಮೊದಲು ಮೇಜನ್ನು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಆದ್ದರಿಂದ ಕೂಡಲೇ ಬೈಯಲು ಕಾರಣ ಸಿಗದೆ, "ಮಾವನ್ನ ಕೇಳು" ಎಂದಳು.

ಮಾವ ಎಂದರೆ ಅಮ್ಮನ ಅಣ್ಣ. ಯಾವುದೋ ಕಚೇರಿಯಲ್ಲಿದ್ದರು. ಅಲ್ಲಿ ಅವರದು ಏನು ಕೆಲಸ ಎಂಬುದು ಮನೆಯಲ್ಲಿ ಯಾರಿಗೂ ಖಚಿತವಿರಲಿಲ್ಲ. ಅವರಿಲ್ಲದಿದ್ದರೆ ಕಚೇರಿ ನಿಂತೇಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಅದನ್ನು ಹೇಳಿದವರೂ ಅವರೇ. ಊರಿನಲ್ಲಿ ತಮಗೆ ಗೊತ್ತಿಲ್ಲದವರಿಲ್ಲ ಎಂದು ಮಾವ ನಂಬಿದ್ದರು. ಅದು ಸುಳ್ಳೂ ಅಲ್ಲ. ಎಲ್ಲರಿಗೂ ಅವರು ಗೊತ್ತಿದ್ದರು, ತೊಡಕೇ ಅದು.

"ಮರಗೆಲಸಾನಾ? ನನ್ನ ಗೆಳೆಯನ ಮೊಬೈಲು ಅಂಗಡೀಲಿ ಕೌಂಟರಿನ ಹಿಂದೆ ಫ್ಯಾನಿನ ಕೆಳಗೆ ಕೂರೋದು ಬಿಟ್ಟು, ಹೊಟ್ಟು ಕುಡಿಯೋಕೆ ಹೋಗ್ತೀಯಾ? ಆಗ್ಲಿ. ಮಕ್ಕಳ ಆಸೆಗೆ ನಾನು ಅಡ್ಡ ಬರೋನಲ್ಲ. ತಿಂಗಳು ಮುಗಿಯೋದ್ರೊಳಗೆ ಯಾರಾದ್ರೂ ಸೇರಿಸ್ಕೊಂಡ್ರೆ ಸರಿ. ಇಲ್ದಿದ್ರೆ ಕೌಂಟರು. ನನ್ನ ಹೆಸರು ಹೇಳು, ಬಾಗಿಲು ತಾನೇ ತೆಗೆಯುತ್ತೆ."

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಪೀಠೋಪಕರಣದ ಅಂಗಡಿಗೆ. ಅಲ್ಲಿನ ಮ್ಯಾನೇಜರ್ ಬಹಳ ಮರ್ಯಾದೆಯಿಂದ, "ಅನುಭವ ಇದ್ಯಾ?" ಎಂದು ಕೇಳಿದ.

"ಇಲ್ಲ ಸರ್. ಕಲಿಯೋಕೆ ಬಂದಿದ್ದೀನಿ."

"ಅನುಭವ ಆದ್ಮೇಲೆ ಬನ್ನಿ."

"ಅದು ಎಲ್ಲಿ ಸಿಗುತ್ತೆ ಸರ್?"

ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಆತ ನಿಜವಾಗಿಯೂ ಯೋಚಿಸಿದ. "ಕೆಲಸ ಮಾಡಿದ್ರೆ ಬರುತ್ತೆ" ಎಂದು ಹೇಳಿ, ತನ್ನ ಮಾತಿನಿಂದ ತಾನೇ ಸಂತುಷ್ಟನಾಗಿ ಬಾಗಿಲು ತೋರಿಸಿದ.

ಎರಡನೆಯ ಕಡೆ ಮಾವನ ಹೆಸರು ಹೇಳಿದಳು. ಅಂಗಡಿಯವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಯಾರು, ಕಿರುಗುಟ್ಟೋ ಮಂಚದವರಾ?" ಮಾವ ಆ ಅಂಗಡಿಯಿಂದ ಒಂದು ಮಂಚ ಮಾಡಿಸಿ, ಅದು ರಾತ್ರಿ ಕಿರುಗುಟ್ಟುತ್ತದೆಂದು ಮತ್ತೆ ಮತ್ತೆ ವಾಪಸು ಕಳಿಸಿದ್ದರಂತೆ. ಕೊನೆಗೆ ಕಿರುಗುಟ್ಟುತ್ತಿದ್ದುದು ಅವರ ಕಿಟಕಿಯ ಬಾಗಿಲು ಎಂದು ಗೊತ್ತಾಯಿತಂತೆ. "ಅವರಿಗೆ ನಮಸ್ಕಾರ ಹೇಳಮ್ಮ. ಮಂಚ ಚೆನ್ನಾಗಿದ್ಯಾ ಅಂತ ಮಾತ್ರ ಕೇಳ್ಬೇಡ." ಬಾಗಿಲು ತಾನೇ ತೆರೆಯಿತು ನಿಜ, ಹೊರಕ್ಕೆ.

ಇನ್ನೊಂದು ಕಡೆ "ನೀನು ನನ್ನ ಮಗಳ ಸಮಾನ, ಅದಕ್ಕೇ ಬೇಡ" ಎಂದರು. ಮಗದೊಂದು ಕಡೆ ಕಸ ಗುಡಿಸಲು ಹೇಳಿ, ಗುಡಿಸಿದ ಮೇಲೆ ಒಂದು ಉಳಿ ಕೊಟ್ಟು ನೋಡಿದರು. ಅವಳ ಎಡಗೈ ಮುಂದೆ ಬಂದದ್ದೇ ತಡ, ಮೇಸ್ತ್ರಿ ಉಳಿಯನ್ನು ಹಿಂದಕ್ಕೆ ಎಳೆದುಕೊಂಡ. "ಅಯ್ಯೋ, ನಮ್ಮ ಉಳಿಗಳೆಲ್ಲ ಬಲಗೈಗೆ ಪಳಗಿರೋವು ತಾಯಿ. ಮುನಿಸ್ಕೊಂಡ್ರೆ ನಾನೆಲ್ಲಿ ಹೋಗ್ಲಿ?"

ಅಂದಿನಿಂದ ಎಡಚಿ ಎರಡು ಸಂಗತಿಗಳ ಬಗ್ಗೆ ಬಾಯಿ ಬಿಡುವುದನ್ನು ನಿಲ್ಲಿಸಿದಳು: ಮಾವ ಮತ್ತು ಎಡಗೈ.

ತಿಂಗಳು ಮುಗಿಯುತ್ತ ಬಂದಿತ್ತು. ಮೊಬೈಲು ಅಂಗಡಿಯ ಗೆಳೆಯ ಕೌಂಟರಿನ ಹಿಂದೆ ಹೊಸ ಕುರ್ಚಿಯನ್ನೂ ಹಾಕಿಸಿದ್ದಾನೆಂದು ಮಾವ ಸುದ್ದಿ ತಂದರು. ಆ ಕುರ್ಚಿ ಪ್ಲಾಸ್ಟಿಕ್ಕಿನದು ಎಂದು ಕೇಳಿ ಎಡಚಿಗೆ ಇನ್ನೂ ಸಂಕಟವಾಯಿತು. ಮಾರನೆಯ ದಿನ ಅವಳು ಹೊಕ್ಕದ್ದು ಟೈರು ಅಂಗಡಿಯ ಪಕ್ಕದ ಓಣಿಯಂಥ ಮರಗೆಲಸದ ಅಂಗಡಿಯನ್ನು. ಅಗಲ ಕಡಿಮೆ, ಉದ್ದ ಜಾಸ್ತಿ, ತಗಡಿನ ಮಾಡು. ಮುಂದುಗಡೆ ಬೆಳಕಿನಲ್ಲಿ ಮೇಸ್ತ್ರಿ ಗಿರಾಕಿಗಳ ಜೊತೆ ಕೂತಿರುತ್ತಿದ್ದರು. ಬಾಗಿಲ ಹೊರಗೆ ಪಾಲಿಶ್ ಮಾಡುವ ಮುದುಕ. ಅವನನ್ನು ಎಲ್ಲರೂ ಪಾಲಿಶ್ ತಾತ ಎನ್ನುತ್ತಿದ್ದರು. ಒಳಗೆ ಹಲಗೆಗಳ ಅಟ್ಟಿ, ಅದರ ಹಿಂದೆ ಕೊನೆಯ ಮೂಲೆಯಲ್ಲಿ ಒಂದು ಹಳೆಯ ಬೆಂಚು. ಬೆಂಚಿನ ಬಲ ತುದಿ ಗೋಡೆಗೆ ಅಂಟಿಕೊಂಡೇ ಇತ್ತು.

"ಸೇರಿಸ್ಕೊಳ್ಳೋದು ದೊಡ್ಡದಲ್ಲ. ನಿಲ್ಲೋರು ಬೇಕಲ್ಲ" ಎಂದರು ಮೇಸ್ತ್ರಿ. ಅವರು ಮಾತು ಶುರುಮಾಡಿದರೆ ಹಲಗೆ ಹೆರೆಯಲು ರಂದ ಹೊಡೆದಂತೆ. ಒಂದೇ ಎಳೆತದಲ್ಲಿ ಉದ್ದಕ್ಕೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. "ಈಗಿನವರಿಗೆ ಮೈ ಬಗ್ಗಲ್ಲಮ್ಮ. ಬರ್ತಾರೆ, ವಾರ ಇರ್ತಾರೆ, ಕೈ ನೋವು ಅಂತಾರೆ, ಓಡ್ತಾರೆ. ನಾನು ಹೇಗೆ ಕಲಿತೆ ಗೊತ್ತಾ? ಅದೇ ಮೂಲೆ, ಅದೇ ಬೆಂಚು. ನಮ್ಮಪ್ಪ ದೊಡ್ಡ ಮೇಸ್ತ್ರಿ. ಗೆರೆ ತಪ್ಪಿದ್ರೆ ಛಟೀರ್ ಅಂತ ಒಂದು. ಈ ಕೆನ್ನೆ ನೋಡು," ಎಂದು ತಮ್ಮ ಬಲಗೆನ್ನೆಯನ್ನು ಪ್ರೀತಿಯಿಂದ ತಟ್ಟಿಕೊಂಡರು. "ಚಳಿ ಬಿದ್ರೆ ಈಗಲೂ ಚುರು ಚುರು ಅನ್ನುತ್ತೆ. ಇನ್ನು ಈ ಮೊಣಕೈ." ಅಂಗಿಯ ಬಲತೋಳು ಮೇಲೆ ಸರಿಯಿತು. ಮೊಣಕೈ ಮೇಲೆ ಜಡ್ಡುಗಟ್ಟಿದ ಕಪ್ಪು ಗುರುತು. "ಗೋಡೆಗೆ ತಾಗಿ ತಾಗಿ ಆದ ಗಾಯ. ಮೊಣಕೈ ಒಡೆಯದೆ ಬಡಗಿ ಆದೋನು ಈ ಅಂಗಡೀಲಿ ಹುಟ್ಟಿಲ್ಲ. ಶನಿವಾರ ಸಾಯಂಕಾಲ ನಾನೇ ಬಂದು ನೋಡ್ತೀನಿ. ಗಾಯ ಇದ್ರೆ ಕೆಲಸ ಮಾಡಿದ್ದೀಯ ಅಂತ. ಇಲ್ದಿದ್ರೆ ಕಾಲ ಕಳೆದಿದ್ದೀಯ ಅಂತ."

ಎಡಚಿ ತಲೆಯಾಡಿಸಿದಳು. ಶನಿವಾರವೇ ತಿಂಗಳ ಕೊನೆಯ ದಿನ.

ಕೆಲಸ ಇದ್ದದ್ದು ಕಿಟಕಿ ಚೌಕಟ್ಟಿನ ಪಟ್ಟಿಗಳನ್ನು ಅಳತೆಗೆ ಕುಯ್ಯುವುದು. ಅವಳು ಪಟ್ಟಿಯನ್ನು ಬೆಂಚಿಗೆ ಬಿಗಿದು, ಗೋಡೆಯನ್ನು ಬಲಕ್ಕಿಟ್ಟುಕೊಂಡು ನಿಂತು, ಎಡಗೈಯಲ್ಲಿ ಗರಗಸ ಎಳೆದಳು. ಎಡಗಡೆ ಆಚೆಯವರೆಗೂ ಬಯಲು; ಮೊಣಕೈ ಹಿಂದಕ್ಕೆ ಹೋಗಿ ಬರಲು ಬೇಕಾದಷ್ಟು ಜಾಗ. ಅವಳ ಬದುಕಿನಲ್ಲಿ ಬಸ್ಸಿನ ಸೀಟು, ಶಾಲೆಯ ಡೆಸ್ಕು, ಊಟದ ಸಾಲು ಎಲ್ಲೆಲ್ಲೂ ಪಕ್ಕದವರಿಗೆ ತಾಗಿ ಬೈಸಿಕೊಂಡ ಮೊಣಕೈ ಅದು. ಇಲ್ಲಿ ಯಾರಿಗೂ ತಾಗಲಿಲ್ಲ. ಕುಯ್ದ ತುಂಡುಗಳು ಗೋಡೆಯ ಬದಿಗೆ ಏರುತ್ತ ಹೋದವು. ಅಟ್ಟಿಯ ಹಿಂದಿನ ಮೂಲೆಯಾದ್ದರಿಂದ ಯಾರಿಗೂ ಅವಳು ಕಾಣುತ್ತಿರಲಿಲ್ಲ, ಅವಳಿಗೂ ಅದೇ ಬೇಕಿತ್ತು. ಪಾಲಿಶ್ ತಾತ ಮಾತ್ರ ಹಲಗೆ ತೆಗೆದುಕೊಳ್ಳಲು ಬಂದವನು ಒಂದು ಗಳಿಗೆ ನಿಂತು ನೋಡಿ, ಮೂಗಿನಲ್ಲೇ ಏನೋ ಗುನುಗಿಕೊಂಡು ಹೋದ.

ಗೋಡೆಯ ಮೇಲೆ, ಅವಳ ಬಲ ಮೊಣಕೈಯ ಮಟ್ಟಕ್ಕೆ, ಒಂದು ಗುಳಿ ಇತ್ತು. ಬಟ್ಟಲಿನಷ್ಟು. ಸುತ್ತಲಿನ ಗಾರೆ ಒರಟು, ಗುಳಿ ಮಾತ್ರ ನುಣುಪು. ಅದು ಏಕೆ ಎಂದು ಅವಳಿಗೆ ಮೊದಲು ಹೊಳೆಯಲಿಲ್ಲ.

ಹೇಳಿದವನು ಪಕ್ಕದ ಟೈರು ಅಂಗಡಿಯವನು. ಶುಕ್ರವಾರ ಚಹಾದ ಹೊತ್ತಿಗೆ ಓಣಿಯಲ್ಲಿ ಸಿಕ್ಕಿದ. ಮೀಸೆ ಈಗಷ್ಟೇ ಬಲಿತ ತರುಣ, ಕೈತುಂಬ ಕಪ್ಪು ಗ್ರೀಸು.

"ತಂಗೀ, ಮೊಣಕೈ ಹೇಗಿದೆ?"

"ಚೆನ್ನಾಗಿದೆ ಅಣ್ಣ. ಯಾಕೆ?"

"ಚೆನ್ನಾಗಿದ್ರೆ ಕೆಟ್ಟಿತು ಅಂತ ಅರ್ಥ." ಅವನು ತನ್ನ ತೋಳು ಮಡಿಸಿ ತೋರಿಸಿದ. ವಾಸಿಯಾದ ಗಾಯದ ಗುರುತು. "ನಾನೂ ಅಲ್ಲಿದ್ದೆ. ಗರಗಸ ಹಿಂದಕ್ಕೆಳೆದಾಗಲೆಲ್ಲ ಗೋಡೆಗೆ ಠಣ್. ಕೀವು ತುಂಬ್ತು, ಜ್ವರ ಬಂತು. ಮನೇಲಿ ಬಿಡಿಸಿದ್ರು. ಮೇಸ್ತ್ರಿ ಅಂದ್ರು, ನಿನಗೆ ಮರದ ಋಣ ಇಲ್ಲ ಅಂತ." ಗ್ರೀಸಿನ ಕೈ ಒರೆಸಿಕೊಂಡು, "ಇಲ್ಲಿಗೂ ಹೊಟ್ಟಿನ ವಾಸನೆ ಬರುತ್ತೆ ಗೊತ್ತಾ. ಟೈರಿನ ವಾಸನೆ ದಾಟ್ಕೊಂಡು ಬರುತ್ತೆ" ಎಂದ. ಆಮೇಲೆ ತಾನು ಆಡಿದ್ದು ಹೆಚ್ಚಾಯಿತೆನಿಸಿ ನಕ್ಕ. "ನಾಳೆ ಮಧ್ಯಾಹ್ನ ಗೋಡೆಗೆ ನಾಲ್ಕು ಸಲ ಉಜ್ಜಿಬಿಡು. ಯಾರು ನೋಡ್ತಾರೆ?"

ಶನಿವಾರ ಸಂಜೆ. ಮೇಸ್ತ್ರಿ ಗಿರಾಕಿಯನ್ನು ಬೀಳ್ಕೊಡುವ ದನಿ ಕೇಳುತ್ತಿತ್ತು. ಎಡಚಿ ಬಲತೋಳು ಸರಿಸಿ, ಮೊಣಕೈಯನ್ನು ಆ ಗುಳಿಗೆ ಇಟ್ಟಳು. ಅಚ್ಚಿನಲ್ಲಿ ಎರೆದಂತೆ ಹೊಂದಿ ಕೂತಿತು. ಉಜ್ಜಿದಳು. ಏನೂ ಆಗಲಿಲ್ಲ. ಅಷ್ಟೊಂದು ಮೊಣಕೈಗಳನ್ನು ತಿಂದು ಆ ಜಾಗ ಸಾಣೆ ಹಿಡಿದಂತೆ ನುಣ್ಣಗಾಗಿತ್ತು. ಗಾಯದ ಬದಲು ಸುಣ್ಣ ಅಂಟಿತು. ಇನ್ನೂ ಒಮ್ಮೆ ಉಜ್ಜಬೇಕೆಂದವಳ ಕೈ ನಿಂತಿತು. ಟೈರು ಅಂಗಡಿಯವನ ಮೊಣಕೈ ಇಲ್ಲೇ ಇತ್ತು. ಅವನಿಗಿಂತ ಮೊದಲು ಬಂದವರದು, ಅವರಿಗಿಂತ ಮೊದಲಿನವರದು, ಎಲ್ಲವೂ. ಅವರೆಲ್ಲ ತಮ್ಮ ಕೈಯನ್ನೇ ಬೈದುಕೊಂಡು ಹೋಗಿರಬೇಕು. ಅವಳಿಗೆ ಆ ಬೈಗುಳ ಚೆನ್ನಾಗಿ ಗೊತ್ತಿತ್ತು.

"ಎಲ್ಲಿ, ತೋರಿಸು." ಮೇಸ್ತ್ರಿ ಬಂದೇಬಿಟ್ಟಿದ್ದರು. ಹಿಂದೆ, ಹಲಗೆ ಬೇಕಾದಾಗ ಮಾತ್ರ ಒಳಗೆ ಬರುವ ಪಾಲಿಶ್ ತಾತನೂ ಬಂದಿದ್ದ.

ಅವಳು ತೋರಿಸಿದಳು. ಮೇಸ್ತ್ರಿ ಬೆರಳಿನಿಂದ ಒರೆಸಿದರು. ಸುಣ್ಣ ಹೋಯಿತು, ಕೆಳಗೆ ಮಗುವಿನಂಥ ಚರ್ಮ.

"ಗಾಯಕ್ಕೆ ಸುಣ್ಣ ಬಳಿಯೋರನ್ನ ನೋಡಿದ್ದೆ. ಗಾಯಾನೇ ಇಲ್ದೆ ಸುಣ್ಣ ಬಳ್ಕೊಂಡೋಳು ನೀನೊಬ್ಬಳೇ."

"ಕೆಲಸ ಮಾಡಿದ್ದೀನಿ ಮೇಸ್ತ್ರೇ. ಅಲ್ಲಿ ನೋಡಿ."

ಮೇಸ್ತ್ರಿ ಪಟ್ಟಿಗಳ ರಾಶಿ ನೋಡಿದರು. ಒಂದನ್ನೆತ್ತಿ ಕುಯ್ದ ತುದಿಗೆ ಮೂಲೆಮಟ್ಟ ಹಿಡಿದರು, ಬೆಳಕು ನುಸುಳಲಿಲ್ಲ. ಇನ್ನೊಂದಕ್ಕೆ ಹಿಡಿದರು. ಮುಖ ಗಂಟಾಯಿತು. "ತಾತ, ಪಾಪ ಅಂತ ನೀನು ಕುಯ್ದುಕೊಟ್ಯಾ?"

"ನನ್ನ ಕೈ ನಡುಗೋದು ಊರಿಗೇ ಗೊತ್ತು. ನಾನು ಕುಯ್ದಿದ್ರೆ ಅದು ಕಿಟಕಿ ಆಗ್ತಿರ್ಲಿಲ್ಲ, ಬಾಚಣಿಗೆ ಆಗ್ತಿತ್ತು" ಎಂದ ತಾತ.

"ಹಾಗಾದ್ರೆ ನನ್ನ ಕಣ್ಮುಂದೆ ಕುಯ್ಯಿ."

ಬಲಗೈಯಲ್ಲಿ ಹಿಡಿದರೆ ಗೆರೆ ತಪ್ಪುತ್ತದೆ. ಎಡಗೈಯಲ್ಲಿ ಹಿಡಿದರೆ ಉಳಿಗಳು ಮುನಿಸಿಕೊಳ್ಳುತ್ತವೆ. ಕೌಂಟರಿನ ಹಿಂದಿನ ಪ್ಲಾಸ್ಟಿಕ್ ಕುರ್ಚಿ ಕಣ್ಣಿಗೆ ಬಂತು. ಆಗುವುದಾದರೆ ಆಗಲಿ, ಗೆರೆಯಾದರೂ ನೆಟ್ಟಗಿರಲಿ ಎಂದು ಅವಳು ಎಡಗೈಯಲ್ಲೇ ಗರಗಸ ಹಿಡಿದು, ಪಟ್ಟಿ ಬಿಗಿದು, ಎಳೆದಳು. ತುಂಡು ಕೆಳಗೆ ಬಿದ್ದ ಸದ್ದು ಅಂಗಡಿಯಲ್ಲೆಲ್ಲ ಕೇಳಿಸಿತು.

"ಎಡಗೈ!" ಎಂದರು ಮೇಸ್ತ್ರಿ, ಹಾವು ಕಂಡವರಂತೆ. "ನಮ್ಮ ಅಂಗಡಿ ಶುರುವಾದಾಗಿಂದ ಈ ಬೆಂಚಿನ ಮುಂದೆ ಎಡಗೈಯವರು ನಿಂತಿಲ್ಲ! ನಮ್ಮಪ್ಪ ಕೂರಿಸಿದ ಬೆಂಚು ಇದು. ಇದಕ್ಕೆ ಒಂದು ಶಿಸ್ತು ಇದೆ, ಒಂದು..." ಮಾತಿನ ಸುರುಳಿ ಬಿಚ್ಚಿಕೊಳ್ಳತೊಡಗಿತ್ತು.

"ಮೇಸ್ತ್ರೇ," ಪಾಲಿಶ್ ತಾತ ಮೆಲ್ಲಗೆ ಕೇಳಿದ, "ದೊಡ್ಡ ಮೇಸ್ತ್ರಿ ಏಟು ಯಾವ ಕೆನ್ನೆಗೆ ಬೀಳ್ತಿತ್ತು?"

"ಈ ಕೆನ್ನೆಗೆ! ಸಾವಿರ ಸಲ ಹೇಳಿದ್ದೀನಲ್ಲ!" ಮೇಸ್ತ್ರಿಯ ಅಂಗೈ ಅಭ್ಯಾಸಬಲದಿಂದ ಬಲಗೆನ್ನೆಗೆ ಹೋಯಿತು. ಅಲ್ಲೇ ಉಳಿಯಿತು.

ಆಮೇಲೆ ಅವರು ಆ ಕೈ ತೆಗೆದು, ತಾತನನ್ನು ಎದುರಿಗೆ ನಿಲ್ಲಿಸಿಕೊಂಡು, ಗಾಳಿಯಲ್ಲಿ ಏಟು ಬೀಸಿ ನೋಡಿದರು. ಬಲಗೈ ಬಂದು ನಿಂತದ್ದು ತಾತನ ಎಡಗೆನ್ನೆಯ ಹತ್ತಿರ. ಕೈ ಬದಲಿಸಿ ಎಡಗೈ ಬೀಸಿದರು. ಅದು ತಾತನ ಬಲಗೆನ್ನೆಗೆ ಸರಿಯಾಗಿ ಬಂತು. ತಾತ ಕಣ್ಣು ಮುಚ್ಚಿಕೊಂಡು, ಬಣ್ಣ ಬಳಿಸಿಕೊಳ್ಳುವ ಗೋಡೆಯಂತೆ ತಾಳ್ಮೆಯಿಂದ ನಿಂತಿದ್ದ.

"ಅಪ್ಪ ಎಡಗೈಯವರಾ?"

"ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದ ತಾತ. "ನಾಲ್ಕು ಜನರ ಮುಂದೆ ಬಲಗೈ, ಈ ಮೂಲೇಲಿ ಒಬ್ಬರೇ ಇದ್ದಾಗ ಎಡಗೈ. ತಮ್ಮ ಕೈಗೆ ಅನುಕೂಲ ಅಂತ ಬೆಂಚನ್ನ ಆ ಗೋಡೆಗೆ ತಳ್ಳಿದ್ರು. ಅವರ ಮೊಣಕೈ ಎಂದೂ ಒಡೀಲಿಲ್ಲ."

ಮೇಸ್ತ್ರಿ ಬೆಂಚಿನ ಮುಂದೆ ನಿಂತು, ಬಲಗೈಯಲ್ಲಿ ಗರಗಸ ಹಿಡಿದು ಒಂದು ಸಲ ಹಿಂದಕ್ಕೆಳೆದರು. ಠಣ್. ಆ ನೋವು ಅವರಿಗೆ ಹಳೆಯ ಪರಿಚಯ. ಇಷ್ಟು ವರ್ಷ ಅದನ್ನು ಅಪ್ಪ ಬಿಟ್ಟುಹೋದ ಆಸ್ತಿ ಎಂದುಕೊಂಡಿದ್ದರು. ಅಪ್ಪ ಒಂದು ಬೆಂಚನ್ನು ತಮಗೆ ಬೇಕಾದ ಕಡೆ ತಳ್ಳಿ ಹೋಗಿದ್ದರು, ಅಷ್ಟೇ. ಎಡಚಿ ನೆಲ ನೋಡುತ್ತ ನಿಂತಳು. ದೊಡ್ಡವರ ಮುಖ ಹಾಗಾದಾಗ ನೋಡಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ತಿಳಿಯಿತು.

ಆದರೆ ಮೇಸ್ತ್ರಿ ಸಾಮಾನ್ಯರಲ್ಲ. ಗರಗಸ ಕೆಳಗಿಡುವಷ್ಟರಲ್ಲಿ ಚೇತರಿಸಿಕೊಂಡಿದ್ದರು. "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ. ಈ ಬೆಂಚು ಎಲ್ಲರಿಗೂ ಒಲಿಯೋದಲ್ಲ ಅಂತ. ಸೋಮವಾರ ಹೊತ್ತಿಗೆ ಸರಿಯಾಗಿ ಬಾ."

ಕೆಲಸ ಸಿಕ್ಕಿತ್ತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಮನೆಗೆ ಓಡಿದ್ದರೆ ಜಾಣತನ. ಆ ಮೂಲೆ ತನ್ನೊಬ್ಬಳಿಗೇ ಒಗ್ಗುವವರೆಗೆ ತನ್ನ ಜಾಗಕ್ಕೆ ಪೈಪೋಟಿಯಿಲ್ಲ ಎಂಬ ಲೆಕ್ಕ ಅವಳಿಗೂ ಹೊಳೆಯದೆ ಇರಲಿಲ್ಲ. ಬಾಗಿಲವರೆಗೆ ಹೋದಳು. ಓಣಿಯಲ್ಲಿ ಟೈರು ಅಂಗಡಿಯವನು, ಏನಾಯಿತೋ ಎಂದು ಕತ್ತು ಉದ್ದ ಮಾಡಿಕೊಂಡು ನಿಂತಿದ್ದ. ಅವಳು ತಿರುಗಿ ಬಂದಳು.

"ಮೇಸ್ತ್ರೇ, ಬೆಂಚನ್ನ ಒಂದು ಮೊಳ ಈಚೆಗೆ ಎಳೆದ್ರೆ ಬಲಗೈಯವರೂ ನಿಲ್ಲಬಹುದು."

"ಅಪ್ಪ ಇಟ್ಟ ಬೆಂಚು ಎಳೆಯೋದಾ?"

"ಅವರೂ ಎಳೆದೇ ಅಲ್ವಾ ಇಟ್ಟಿದ್ದು?"

ಸೋಮವಾರವೂ ಬೆಂಚು ಅಲ್ಲೇ ಇತ್ತು. ಎಷ್ಟೋ ದಿನ ಅಲ್ಲೇ ಇತ್ತು. ಆಮೇಲೆ ಒಂದು ಬೆಳಗ್ಗೆ ಅವಳು ಬಂದಾಗ ಅದು ಒಂದು ಮೊಳ ಈಚೆಗೆ ಬಂದಿತ್ತು. ನೆಲದ ಮೇಲೆ ಕಾಲುಗಳು ಎಳೆದ ಗೀರು ಹೊಸದಾಗಿ ಬೆಳ್ಳಗಿತ್ತು. ಯಾರು ಎಳೆದರೆಂದು ಮೇಸ್ತ್ರಿ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅವತ್ತೆಲ್ಲ ಅವರು ಸೊಂಟ ಹಿಡಿದುಕೊಂಡೇ ಓಡಾಡಿದರು.

ಮನೆಯಲ್ಲಿ ಮಾವ ಕೇಳಿದ್ದು ಒಂದೇ ಮಾತು. "ನನ್ನ ಹೆಸರು ಹೇಳಿದ್ಯಾ?"

"ಇಲ್ಲ ಮಾವ."

"ಹೇಳ್ದೇನೇ ಕೊಟ್ಟಿದ್ದಾನೆ ಅಂದ್ರೆ ಅವನಿಗೆ ಹೇಗೋ ಗೊತ್ತಾಗಿದೆ" ಎಂದು ಮಾವ ತೃಪ್ತಿಯಿಂದ ಮೀಸೆ ತೀಡಿಕೊಂಡರು. ಅಮ್ಮ ಯಂತ್ರದ ಮೇಲೆ ಬಗ್ಗಿ, ಹಳೆಯ ದಪ್ಪ ಬಟ್ಟೆಯಲ್ಲಿ ಹೊಟ್ಟು ಅಂಟದಂಥ ಒಂದು ಮೇಲಂಗಿ ಹೊಲಿಯುತ್ತಿದ್ದಳು. ಅದರ ಸೊಂಟದ ಜೇಬು ಎಡಗಡೆ ಇತ್ತು.

ಇದೆಲ್ಲ ಆಗಿ ವರ್ಷಗಳಾದವು. ಮೇಸ್ತ್ರಿ ಈಗ ಮುಂದುಗಡೆ ಬರೀ ಕೂರುತ್ತಾರೆ. ಒಳಗಿನ ಮೇಸ್ತ್ರಿ ಎಡಚಿಯೇ. ಟೈರು ಅಂಗಡಿಯವನು ಟೈರು ಬಿಟ್ಟು ಬಹಳ ಕಾಲವಾಯಿತು. ಕುರ್ಚಿಯ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಸಬರು ಬಂದರೆ ಎಡಚಿ ಮೊದಲು "ಯಾವ ಕೈ?" ಎಂದು ಕೇಳಿ, ಅದಕ್ಕೆ ತಕ್ಕಂತೆ ಬೆಂಚನ್ನು ಎಳೆಸುತ್ತಾಳೆ. ನೆಲದ ಮೇಲೆ ಬೆಂಚಿನ ಕಾಲಿಗೆ ಎರಡು ಜೊತೆ ಗುಳಿ ಬಿದ್ದಿವೆ. ಇದರ ಬಗ್ಗೆ ಅವಳಿಗೆ ಹೆಮ್ಮೆಯಿದೆ. ಹೆಮ್ಮೆ ಇದ್ದ ಕಡೆ ಉಪನ್ಯಾಸವೂ ಇರುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಾಣೆಕಲ್ಲಿನ ಮುಂದೆ ಉಳಿ ಮಸೆಯುತ್ತಿದ್ದಳು. ಬಲತೋಳು ಮೊಣಕೈವರೆಗೂ ತೊಯ್ದು ತೊಪ್ಪೆಯಾಗಿತ್ತು.

"ಅಕ್ಕಾ, ನೀರೆಲ್ಲ ನನ್ನ ತೋಳಿಗೇ ಬರುತ್ತೆ."

"ಬರಲೇಬೇಕು ಕಣೆ," ಎಂದಳು ಎಡಚಿ ಸೊಂಟದ ಮೇಲೆ ಕೈಯಿಟ್ಟು. "ನಾನು ಈ ಕಲ್ಲು ಕೂರಿಸಿದಾಗಿಂದ ನೋಡ್ತಿದ್ದೀನಿ. ತೋಳು ಒದ್ದೆಯಾಗದೆ ಉಳಿ ಚೂಪಾಗಿದ್ದು ಈ ಅಂಗಡೀಲಿ ಕಂಡಿಲ್ಲ. ಈಗಿನವರಿಗೆ..."

ಕುರ್ಚಿಗೆ ಕಾಲು ಕೂಡಿಸುತ್ತಿದ್ದ ಟೈರಿನವನು ತಲೆಯೆತ್ತದೆಯೇ ಕೇಳಿದ.

"ಯಾವ ಕೆನ್ನೆಗೆ ಮೇಸ್ತ್ರಮ್ಮ?"

ಎಡಚಿಯ ಬಾಯಿ ತೆರೆದಂತೆಯೇ ನಿಂತಿತು. ಕಲ್ಲನ್ನು ನೋಡಿದಳು. ತನ್ನ ಎಡತೋಳು ನೆನೆಯದಿರಲೆಂದು ತಾನೇ ಕೂರಿಸಿದ್ದ ಕಲ್ಲು. ಒಂದು ಕೂದಲಿನಷ್ಟು ಬಲಕ್ಕೆ ವಾಲಿತ್ತು. ಅವಳು ಕೂತು, ಮರದ ಚೂರೊಂದನ್ನು ಹುಡುಕಿ, ಕಲ್ಲಿನ ಕೆಳಗೆ ಕೊಡಲು ಸಣ್ಣ ಬೆಣೆ ಕುಯ್ಯತೊಡಗಿದಳು.